ಸೋರದ ಬುಟ್ಟಿ

ಎಕ್ಸ್‌ಪ್ರೆಸ್ಸಿನವರು ನಮ್ಮನ್ನು ಹತ್ತಿಸುವುದಿಲ್ಲ.
ಸರ್ವಿಸ್ ಬಸ್ಸಿನವರು ಹತ್ತಿಸುತ್ತಾರೆ, ಬೈದು.
ಬುಟ್ಟಿಯಿಂದ ಒಂದು ಹನಿ ಬಿದ್ದರೆ
ಕಂಡಕ್ಟರನ ಬಾಯಿಂದ ಹತ್ತು ಬೀಳುತ್ತವೆ.

ಹಾಗಾಗಿ ಆ ಹುಡುಗ ಮಲ್ಪೆಯ ದಕ್ಕೆಗೆ ಬಂದು
ಐಸಿನ ರಾಶಿಯ ಪಕ್ಕ ಲ್ಯಾಪ್‌ಟಾಪು ತೆರೆದಾಗ
ನಾವು ಏಲಂ ಬಿಟ್ಟು ಅವನನ್ನೇ ನೋಡಿದೆವು.
ಪರದೆಯಲ್ಲಿ ನೀಲಿ ಬುಟ್ಟಿಯೊಂದು ತನ್ನಷ್ಟಕ್ಕೆ ತಿರುಗುತ್ತಿತ್ತು,
ಎಲ್ಲ ಮಗ್ಗುಲೂ ತೋರಿಸುತ್ತ, ನಾಚಿಕೆಯಿಲ್ಲದೆ.
ಸೋರುವುದಿಲ್ಲ. ನಾರುವುದಿಲ್ಲ. ಐಸು ಎರಡು ದಿನ.
ಅಡಿಯಲ್ಲಿ ಗಾಲಿ, ಬೇಕಾದರೆ ತಲೆಗೂ ಸೈ.
“ಹನಿ ಹನಿ ಕೂಡಿದರೆ ಹಳ್ಳ, ಅಕ್ಕ” ಎಂದ.
ಹನಿಯ ವಿಷಯ ನಮಗೆ ಹೇಳುತ್ತಾನೆ!
ಕುಸುಮಕ್ಕ ನಕ್ಕಳು. ನಕ್ಕು,
ಮೊದಲು ದುಡ್ಡು ಕೊಟ್ಟವಳೂ ಅವಳೇ.

ಸಾವಿರದ ಎಂಟುನೂರು.
ಸೊಂಟದ ಚೀಲದಿಂದ ಎಣಿಸಿಕೊಟ್ಟೆ, ಒದ್ದೆ ನೋಟು.
ಒಂದೊಂದನ್ನೇ ಕರ್ಚೀಪಿನಲ್ಲಿ ಒತ್ತಿ ಇಟ್ಟುಕೊಂಡ.
ಮೂಗು ಮುಚ್ಚಲಿಲ್ಲ, ಅದನ್ನು ಹೇಳಲೇಬೇಕು.
ನನ್ನ ನಂಬರು ಇನ್ನೂರ ಹದಿನೇಳು.
ಪುಣೆಯವರು, ದುಬಾಯಿಯವರೂ ಹಾಕಿದ್ದಾರಂತೆ,
ಬುಟ್ಟಿ ಹೊತ್ತೇ ಗೊತ್ತಿಲ್ಲದವರು, ನಮಗೋಸ್ಕರ.

ಅಷ್ಟಮಿಗೆ ಎಂದ.
ದೀಪಾವಳಿಗೆ.
ಆಮೇಲೆ ಮೊಬೈಲಿಗೆ ಬರತೊಡಗಿದವು ಓಲೆಗಳು.
ತಂಗಿಯ ಮಗಳು ಶ್ರಾವ್ಯ ಕನ್ನಡ ಮಾಡಿ ಹೇಳುವಳು:
ಅಚ್ಚು ಬಿರುಕು ಬಿಟ್ಟಿದೆ, ಹೊಸ ಅಚ್ಚು ರಾಜಕೋಟದಲ್ಲಿದೆ.
ಗಾಲಿ ಬಂದಿದೆ, ಬುಟ್ಟಿ ಬಂದಿಲ್ಲ.
ಬುಟ್ಟಿ ಬಂದಿದೆ, ಮುಚ್ಚಳ ಕೂರುವುದಿಲ್ಲ.
ನಿಮ್ಮ ತಾಳ್ಮೆಯೇ ನಮ್ಮ ಬಂಡವಾಳ.
ಹದಿನಾಲ್ಕನೆಯದರಲ್ಲಿ ಕೈಮುಗಿದ ಚಿತ್ರ ಮಾತ್ರ ಇತ್ತು.
ಹದಿನೈದನೆಯದು ಬರಲಿಲ್ಲ.

ಕುಸುಮಕ್ಕ ಎರಡಕ್ಕೆ ಕೊಟ್ಟಿದ್ದಳು, ಒಂದು ಸೊಸೆಗೆಂದು.
ಸೊಸೆ ಈಗ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ.
ಮೋಸವಾ ಕುಸುಮಕ್ಕ ಎಂದರೆ
“ಬಲೆ ಹಾಕಿದವನಿಗೆಲ್ಲ ಮೀನು ಬೀಳ್ತದಾ” ಅನ್ನುತ್ತಾಳೆ.
ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.
ಬರಿಗೈಲಿ ಬಂದ ದೋಣಿಯವನೂ
ದಕ್ಕೆಯ ಮೇಲೆ ಬಂದು ನಿಲ್ಲುತ್ತಾನೆ.
ಮುಖ ತೋರಿಸುತ್ತಾನೆ.

ಮೊನ್ನೆ ಸಂತೆಕಟ್ಟೆಯ ಒಳದಾರಿಯಲ್ಲಿ
“ಬಂಗುಡೆ ಉಂಟಾ?” ಎಂದು ಕರೆದರು ಒಬ್ಬರು ಬಾಯಮ್ಮ,
ನೈಟಿಯ ಮೇಲೆ ಟವಲು ಹೊದ್ದು.
ಗೋಡೆಯ ಫೋಟೊದಲ್ಲಿ ಅವನು. ಕಪ್ಪು ಗೌನು, ಕೈಯಲ್ಲಿ ಸುರುಳಿ.
ಜಗಲಿಯ ಮೂಲೆಯಲ್ಲಿ ನೀಲಿ ಬುಟ್ಟಿ.
ಗಾಲಿ ಮೂರೇ. ಒಳಗೆ ಕೊಡೆಗಳು, ಒಂದು ಬ್ಯಾಟು, ಹಳೇ ಚಪ್ಪಲಿ.
ಕೂರದ ಮುಚ್ಚಳ ಗೋಡೆಗೊರಗಿತ್ತು,
ಅದರ ಒಳಮೈಯಲ್ಲಿ ಇರುವೆಸಾಲಿನ ಹಾಗೆ ಹೆಸರುಗಳು.
ಮೇಲೆ ದಪ್ಪಕ್ಷರ: ನಮ್ಮನ್ನು ಹೊತ್ತವರು.
ಕನ್ನಡಕ ಇಲ್ಲದೆಯೂ ಸಿಕ್ಕಿತು ನನಗೆ,
೨೧೭. ವಾರಿಜ ಮೆಡನ್.
ಮೆಂಡನ್ನಿನ ಸೊನ್ನೆಯನ್ನೂ ನುಂಗಿದ್ದಾನೆ.

“ಮಗನಾ?” ಎಂದೆ.
“ಅಶ್ವಿತ್. ಅಂಕೋಲೆಯಲ್ಲಿ ಈಗ, ನೀರಿನ ಟ್ಯಾಂಕಿನ ಕಂಪೆನಿ.
ಫೋನು ತೆಗೆಯುವುದಿಲ್ಲ. ಊಟ ಮಾಡ್ತಾನೋ ಇಲ್ಲವೋ.
ಆ ಬುಟ್ಟಿ ನೋಡಿದಿರಾ, ಅವನೇ ಮಾಡಿದ್ದು.
ಒಂದು ತೊಟ್ಟು ಸೋರುವುದಿಲ್ಲ.
ನಿಮ್ಮಂಥವರಿಗೆ ಆಗ್ತಿತ್ತು.”

ಆಗ್ತಿತ್ತು, ಎಂದೆ.

ನೂರಕ್ಕೆ ಆರು ಕೊಡಿ ಎಂದು ಚೌಕಾಸಿ ಮಾಡಿದರು.
ಐದೇ ಕೊಟ್ಟೆ, ಐದರಲ್ಲಿ ಒಂದು ಸಣ್ಣದು.
ಮತ್ತೆ, ಯಾಕೋ,
ನನ್ನ ಬುಟ್ಟಿಯನ್ನು ಅವರ ಬಿಳಿ ಟೈಲ್ಸಿನ ಮೇಲೆ ಇಟ್ಟು
ಕುಡಿಯಲು ನೀರು ಕೇಳಿದೆ. ಕುಡಿದೆ.
ಇನ್ನೊಂದು ಲೋಟ ಕೇಳಿದೆ,
ಸೋರುವಷ್ಟು ಸೋರಲಿ ಎಂದು.

ಗೇಟು ದಾಟಿ ತಿರುಗಿ ನೋಡಿದರೆ
ಬಾಯಮ್ಮ ನೆಲ ಒರೆಸುತ್ತಿದ್ದರು,
ಒಂದು ಕೈ ಸೊಂಟಕ್ಕೆ ಕೊಟ್ಟು, ನಿಧಾನಕ್ಕೆ.

ಬಸ್ಸು ಬಂತು.
ಹತ್ತುವ ಮೊದಲು ಬುಟ್ಟಿ ಓರೆ ಮಾಡಿ ಚೆನ್ನಾಗಿ ಬಸಿದೆ,
ಕಂಡಕ್ಟರನಿಗೆ ಕಾಣುವ ಹಾಗೆ.
ಆದರೂ ಅಂಬಾಗಿಲಿನ ತಿರುವಿನಲ್ಲಿ, ಸೀಟಿನಡಿ, ಒಂದು ಹನಿ.
ಪಾದ ಇಟ್ಟು ಮುಚ್ಚಿಕೊಂಡೆ.